ತುಂಗಭದ್ರೆಗೆ ನಾನು ಹಗ್ಗ ಎಸೆದ ಮಳೆಗಾಲ

ಒಣಗಲು ಹಾಕಿದ ಲೈಫ್ ಜಾಕೆಟ್ಟಿನ ವಾಸನೆ ಹೇಗಿರುತ್ತದೆ ಎಂದು ಗೊತ್ತಿಲ್ಲದವರು ಪುಣ್ಯವಂತರು. ಹೊಳೆಯ ಕೆಸರು, ಬೆವರು, ಪಾಚಿ ಎಲ್ಲ ಸೇರಿ ಒಂದು ಕಮಿಟಿ ಮಾಡಿಕೊಂಡು ಅದರೊಳಗೆ ಮೀಟಿಂಗ್ ನಡೆಸುತ್ತಿರುತ್ತವೆ. ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯ ಮಹಡಿಯ ಮೇಲೆ ಅದನ್ನು ನೇತುಹಾಕಿದ ದಿನ ಪಕ್ಕದ ಮನೆಯವರು ಕಿಟಕಿ ಮುಚ್ಚುತ್ತಾರೆ, ಅಜ್ಜಿ ಊದುಬತ್ತಿ ಹಚ್ಚುತ್ತಾಳೆ, ಕಾಗೆಗಳು ದಾರಿ ಬದಲಿಸುತ್ತವೆ. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಡಿದೊಡನೆ ಎದೆ ಉಬ್ಬುತ್ತದೆ. ಹೋದ ವರ್ಷದ ಮಳೆಗಾಲ ಅಷ್ಟೂ ಮತ್ತೆ ಮೈಮೇಲೆ ಬರುತ್ತದೆ.

ಆಗ ನಾನು ಮೊದಲ ಪಿಯುಸಿ. ಹೆಸರು ಸಹನಾ. ಆ ಹೆಸರಿಟ್ಟವರು ಇವತ್ತಿಗೂ ಕೈ ಕೈ ಹಿಸುಕಿಕೊಳ್ಳುತ್ತಿದ್ದಾರೆ. ಕಾಲೇಜಿನ ನೋಟಿಸ್ ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿದ್ದರು. ಹರಿಹರದ ಹತ್ತಿರ ಹೊಳೆ ದಂಡೆಯಲ್ಲಿ ದೋಣಿ ಓಡಿಸುವವರಿಗೆ ನೀರಿನ ಸುರಕ್ಷತೆ ಮತ್ತು ರಕ್ಷಣೆಯ ತರಬೇತಿ, ಪ್ರತಿ ಭಾನುವಾರ. ಕೊನೆಯ ಪರೀಕ್ಷೆ ಪಾಸಾದವರಿಗೆ ದಸರಾ ರಜೆಯಲ್ಲಿ ದಾಂಡೇಲಿಗೆ ಹೋಗಿ ಕಾಳಿ ಹೊಳೆಯಲ್ಲಿ, ಬಂಡೆಗಳ ನಡುವೆ ನೊರೆಯೆದ್ದು ಧುಮುಕುವ ಬಿಳಿ ನೀರಿನಲ್ಲಿ, ದೋಣಿ ಓಡಿಸುವ ಅವಕಾಶ. ಆ ಸಾಲು ಓದಿದ ಗಳಿಗೆಯಿಂದ ನಾನು ಭೌತಶಾಸ್ತ್ರದ ತರಗತಿಯಲ್ಲಿ ಕೂತಿದ್ದರೂ ನೆನೆದು ತೊಪ್ಪೆಯಾಗಿದ್ದೆ.

ನಮ್ಮ ಮನೆಯಲ್ಲಿ ಯಾವುದಕ್ಕೇ ಆಗಲಿ ಒಪ್ಪಿಗೆ ಕೊಡುವವರು ದೊಡ್ಡಪ್ಪ. ಮಂಡಿಪೇಟೆಯಲ್ಲಿ ಮಂಡಕ್ಕಿಯ ಸಗಟು ವ್ಯಾಪಾರ ಅವರದು. ಮಂಡಕ್ಕಿ ಎಷ್ಟು ಹಗುರವೋ ಮಾರುವವರು ಅಷ್ಟೇ ಭಾರ. ಅವರು ಕೂತರೆ ಸೋಫಾ ನಿಟ್ಟುಸಿರು ಬಿಡುತ್ತದೆ. ಅಪ್ಪ ಅವರ ಎದುರು ಕೆಮ್ಮಬೇಕಾದರೂ ಹೊರಗೆ ಹೋಗಿ ಕೆಮ್ಮಿ ಬರುತ್ತಾರೆ. ಹಾಗಾಗಿ ನಾನೇ ಹೋಗಿ ಹೇಳಿದೆ.

"ಏನಂತೆ? ನೀರಾಗೆ ಬೀಳೋದು ಕಲಿಸ್ತಾರಂತೇನು?" ಎಂದರು ದೊಡ್ಡಪ್ಪ. "ಅದಕ್ಕೂ ಕೋರ್ಸ್ ಬೇಕೇನವ್ವಾ? ನಮ್ಮ ಬಚ್ಚಲದಾಗೆ ಸೋಪು ಬಿದ್ದಿರ್ತೈತೆ, ಪುಕ್ಕಟೆ ಕಲೀಬೋದು."

"ಬೀಳೋದಲ್ರಿ ದೊಡ್ಡಪ್ಪ, ಬಿದ್ದೋರನ್ನ ಎತ್ತೋದು."

"ಹಂಗಾರೆ ಮೊದ್ಲು ಬೆಳಿಗ್ಗೆ ಹಾಸಿಗೆಯಿಂದ ನಿನ್ನ ನೀನೇ ಎತ್ತೋದು ಕಲಿ."

ಆದರೂ ಭಾನುವಾರದ ತರಬೇತಿಗೆ ಹೂಂ ಅಂದರು. ದಾಂಡೇಲಿಯ ಮಾತಿಗೆ ಮಾತ್ರ ಪೇಪರ್ ಬಿಡಿಸಿ ಮುಖ ಮುಚ್ಚಿಕೊಂಡರು. ನಮ್ಮ ಮನೆಯಲ್ಲಿ ಅದಕ್ಕೆ 'ಇಲ್ಲ' ಎಂದು ಅರ್ಥ.

ತರಬೇತಿಯ ಜಾಗ ಹರಿಹರದಿಂದ ಸಾರಥಿ ಊರಿನ ಕಡೆಗೆ ಹೋಗುವಾಗ ಹೊಳೆ ಬಂಡೆಗಳ ನಡುವೆ ಇಕ್ಕಟ್ಟಾಗಿ ಹರಿಯುವ ಒಂದು ಬಾಗು. ಬೇಸಿಗೆಯಲ್ಲಿ ಎಮ್ಮೆಗಳು ಮೊಣಕಾಲುದ್ದ ನೀರಲ್ಲಿ ನಿಂತು ದಾವಣಗೆರೆಯ ರಾಜಕೀಯ ಮಾತಾಡುವ ಜಾಗ ಅದು. ಆದರೆ ಮೇಲಿನ ಡ್ಯಾಮುಗಳಿಂದ ನೀರು ಬಿಟ್ಟ ಮೇಲೆ ಆ ಬಾಗಿನ ಸದ್ದೇ ಬೇರೆ. ದೂರದಿಂದ ಕೇಳಿದರೆ ಊರಿಗೆ ಊರೇ ಮೆಣಸಿನಕಾಯಿ ಬಜ್ಜಿ ಕರಿಯುತ್ತಿರುವ ಹಾಗೆ.

ಕಲಿಸಲು ಬಂದಿದ್ದವರು ದಾಂಡೇಲಿ ಕಡೆಯ ರೇಣುಕಾ ಮೇಡಂ. ಸಣ್ಣ ಆಳು, ಬಿಸಿಲಿಗೆ ಸುಟ್ಟ ಮುಖ, ಮಾತು ಬಹಳ ಕಡಿಮೆ. ಅವರು ಒಂದು ದಿನಕ್ಕೆ ಆಡುವ ಮಾತನ್ನು ನಾನು ಹಲ್ಲುಜ್ಜುವಾಗಲೇ ಮುಗಿಸಿರುತ್ತೇನೆ. ಮೊದಲ ದಿನ ಎಲ್ಲರನ್ನೂ ದಂಡೆಯಲ್ಲಿ ನಿಲ್ಲಿಸಿ, "ಯಾರಾದ್ರೂ ಮುಳುಗಾಕತ್ತಿದ್ರೆ ಏನ್ ಮಾಡ್ತೀರಿ?" ಎಂದು ಕೇಳಿದರು.

ಎಲ್ಲರಿಗಿಂತ ಮೊದಲು ನಾನು ಕೈ ಎತ್ತಿದೆ. "ಹಾರೇಬಿಡ್ತೀನ್ರಿ ಮೇಡಂ! ಹಿಂದೆ ಮುಂದೆ ನೋಡೋ ಪೈಕಿ ಅಲ್ಲ ನಾನು."

"ಹಂಗಾರೆ ನಾವು ಇಬ್ಬರನ್ನ ಎತ್ತಬೇಕಾಗ್ತೈತೆ," ಎಂದರು ಮೇಡಂ, ಮುಖದ ಒಂದು ಗೆರೆಯೂ ಅಲುಗದಂತೆ.

ಪಕ್ಕದಲ್ಲಿ ಒಬ್ಬ ಹುಡುಗ ಕಿಸಕ್ಕನೆ ನಕ್ಕ. ಅವನು ಬಸು, ಸಾರಥಿಯವನು. ಹೊಳೆ ದಂಡೆಯ ಗದ್ದೆಯಲ್ಲೇ ಬೆಳೆದವನು, ನಡೆಯುವ ಮೊದಲೇ ಈಜಿದವನು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ನನಗೆ ಎದುರಾಳಿ ಸಿಕ್ಕಿದ.

ಮೇಡಂ ಹೇಳಿಕೊಟ್ಟ ಮೊದಲ ಪಾಠವೇ ನನ್ನ ಕನಸಿಗೆ ಕಲ್ಲು ಹಾಕಿತು. ಮುಳುಗುವವರನ್ನು ಕಂಡರೆ ಮೊದಲು ದಂಡೆಯಿಂದಲೇ ಕೋಲೋ ದೋಣಿಯ ಹುಟ್ಟೋ ಚಾಚಬೇಕು. ನಿಲುಕದಿದ್ದರೆ ಹಗ್ಗ ಎಸೆಯಬೇಕು. ಹಗ್ಗವೂ ನಿಲುಕದಿದ್ದರೆ ದೋಣಿ. ಬೇರೆ ದಾರಿಯೇ ಇಲ್ಲ ಅಂದಾಗ ಮಾತ್ರ ಮೈ ನೀರಿಗೆ. ನಾನು ಮನಸ್ಸಿನಲ್ಲಿ ಹಾರುವ ಭಂಗಿಯ ಫೋಟೋವನ್ನೂ ತೆಗೆಸಿಕೊಂಡು ಕೂತಿದ್ದೆ. ಇವರು ನೋಡಿದರೆ ಕೋಲು ಚಾಚು ಎನ್ನುತ್ತಾರೆ! ಕೋಲು ಚಾಚಿದವಳಿಗೆ ಯಾವ ಊರಲ್ಲಿ ಹಾರ ಹಾಕುತ್ತಾರೆ?

ಆಮೇಲೆ ಜಾಕೆಟ್ ತೊಡಿಸಿದರು. ನಾನು ಸ್ಟೈಲಿಗೆ ಪಟ್ಟಿಗಳನ್ನು ಸಡಿಲ ಬಿಟ್ಟಿದ್ದೆ. ಮೇಡಂ ಹಿಂದಿನಿಂದ ಬಂದು ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿದರು. ಜಾಕೆಟ್ ಮಾತ್ರ ಎದ್ದಿತು, ನಾನು ಅದರೊಳಗೆ ಆಮೆಯ ಹಾಗೆ ಮಾಯವಾದೆ. "ನೀರಾಗೆ ಜಾಕೆಟ್ ಒಂದು ದಿಕ್ಕು, ನೀನೊಂದು ದಿಕ್ಕು," ಎಂದು ಪಟ್ಟಿ ಬಿಗಿದರು. ಎಷ್ಟು ಬಿಗಿದರೆಂದರೆ ಬೆಳಿಗ್ಗೆ ತಿಂದ ಬೆಣ್ಣೆ ದೋಸೆ ಗಂಟಲವರೆಗೆ ಬಂದು ಹೊರಗೆ ಯಾರು ಎಂದು ವಿಚಾರಿಸಿತು.

ಬಸುವಿಗೂ ಪಾಠವಾಯಿತು. ಹರಿವ ನೀರಿಗೆ ಬಿದ್ದರೆ ಅಂಗಾತ ಮಲಗಿ, ಕಾಲು ಮುಂದಕ್ಕೆ ಚಾಚಿ, ಕಾಲ್ಬೆರಳು ನೀರಿನ ಮೇಲೆ ಕಾಣುವ ಹಾಗೆ ತೇಲಬೇಕು, ಬಂಡೆ ಬಂದರೆ ಕಾಲಲ್ಲಿ ಒದೆಯಬೇಕು, ಎದ್ದು ನಿಲ್ಲಲು ಹೋಗಲೇಬಾರದು. ನಿಂತರೆ ಕಾಲು ಬಂಡೆಯ ಸಂದಿಗೆ ಸಿಕ್ಕಿಕೊಳ್ಳುತ್ತದೆ, ನೀರು ಹಿಂದಿನಿಂದ ಮಕಾಡೆ ಕೆಡವುತ್ತದೆ. "ಇದು ನಮ್ಮ ಹೊಳೆ ರೀ ಮೇಡಂ, ನನಗೆ ಒಂದೊಂದು ಕಲ್ಲೂ ಗೊತ್ತು," ಎಂದು ಬಸು ಆಳವಿಲ್ಲದ ಕಡೆ ಠೀವಿಯಿಂದ ಎದ್ದು ನಿಂತ. ಹೊಳೆ ಅವನಿಂದ ಸಾಷ್ಟಾಂಗ ಹಾಕಿಸಿತು. ಮೇಡಂ ಪಕ್ಕದಲ್ಲೇ ಇದ್ದರು, ಎತ್ತಿ ನಿಲ್ಲಿಸಿದರು.

"ಪರಿಚಯ ಮಾಡ್ಕೊಂಡ್ಯಾ ಕಲ್ಲುಗಳನ್ನ?" ಎಂದು ಕೇಳಿದೆ.

"ನೀ ಬಾಯಿ ಮುಚ್ಚು. ನಿನ್ನ ಬಾಯಾಗೆ ಇರೋ ಗಾಳಿಗೆ ನಿನಗೆ ಜಾಕೆಟ್ಟೇ ಬ್ಯಾಡ," ಎಂದ ನೀರು ಉಗಿಯುತ್ತ.

ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ನೀರಿಗೆ ಬಿದ್ದ ಮರದ ಮಾತು. ಕೊಂಬೆಗಳ ನಡುವೆ ನೀರು ಹಾಯುತ್ತದೆ, ಮನುಷ್ಯ ಹಾಯುವುದಿಲ್ಲ, ಒತ್ತಿಕೊಂಡು ಅಲ್ಲೇ ಉಳಿಯುತ್ತಾನೆ ಎಂದರು ಮೇಡಂ. ಬೇರೆಯವರು ಕಣ್ಣು ಪಿಳಿಪಿಳಿ ಬಿಟ್ಟರು. ನನಗೆ ತಟ್ಟನೆ ತಿಳಿಯಿತು. ಭಟ್ಟಿಯಲ್ಲಿ ಕಾದ ಮರಳಿನೊಳಗೆ ಮಂಡಕ್ಕಿ ಹುರಿದ ಮೇಲೆ ಜರಡಿಗೆ ಹಾಕಿ ಅಲ್ಲಾಡಿಸುತ್ತಾರೆ. ಮರಳು ಕೆಳಗೆ ಹೋಗುತ್ತದೆ, ಮಂಡಕ್ಕಿ ಮೇಲೆ ಉಳಿಯುತ್ತದೆ. "ಜರಡಿ ಅನ್ರಿ ಮೇಡಂ! ನಾವು ಮಂಡಕ್ಕಿ!" ಎಂದು ಕೂಗಿದೆ. ಮೇಡಂ ಮೊದಲ ಸಲ ನನ್ನನ್ನು ಸ್ವಲ್ಪ ಗೌರವದಿಂದ ನೋಡಿದರು. ಆವತ್ತಿನಿಂದ ನಮ್ಮ ಗುಂಪಿನಲ್ಲಿ ಬಿದ್ದ ಮರಕ್ಕೆಲ್ಲ ಜರಡಿ ಎಂದೇ ಹೆಸರಾಯಿತು.

ಆ ಗೌರವ ಒಂದೇ ವಾರ ಬಾಳಿತು. ಹಗ್ಗ ಎಸೆಯುವ ಅಭ್ಯಾಸಕ್ಕೆ ಮುಳುಗುವ ಮನುಷ್ಯನ ಬದಲು ಒಂದು ತುಂಬಿದ ಚೀಲ ಬೇಕು, ಯಾರು ತರುತ್ತೀರಿ ಎಂದರು ಮೇಡಂ. ಚೀಲ ಅಂದಮೇಲೆ ನಾನಲ್ಲದೆ ಇನ್ನಾರು? ಮುಂದಿನ ಭಾನುವಾರ ಅಂಗಡಿಯ ಗೋದಾಮಿನಿಂದ ಒಂದು ದೊಡ್ಡ ಮಂಡಕ್ಕಿ ಚೀಲ ಎತ್ತಿಕೊಂಡು ಹರಿಹರದ ಬಸ್ ಹತ್ತಿದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೊಡಲು ನೋಡಿದ. ಗಾತ್ರದಲ್ಲಿ ಅದು ದೊಡ್ಡಪ್ಪನಿಗೆ ಸರಿಸಮ, ತೂಕದಲ್ಲಿ ಒಂದು ಬೆಕ್ಕು.

ಅದನ್ನು ನೀರಿಗೆ ಬಿಟ್ಟರು. ನಿಜವಾದ ಮನುಷ್ಯ ಬಿದ್ದರೆ ತಲೆಯಷ್ಟೇ ಕಾಣುತ್ತದೆ. ನಮ್ಮ ಚೀಲ ಹಂಸದ ಹಾಗೆ ಎದೆ ಸೆಟೆಸಿ ನೀರಿನ ಮೇಲೆ ಮೆರವಣಿಗೆ ಹೊರಟಿತು. ಹಗ್ಗ ಎಸೆದವರೆಲ್ಲ ಗುರಿ ಮುಟ್ಟಿದರು, ಗುರಿ ಅಷ್ಟು ದೊಡ್ಡದಿತ್ತು. ಆದರೆ ಚೀಲಕ್ಕೆ ಕೈಯಿಲ್ಲ, ಹಗ್ಗ ಹಿಡಿಯಲಿಲ್ಲ. ಗಾಳಿ ಬೀಸಿತು. ಚೀಲ ಹರಿವನ್ನೂ ಬಿಟ್ಟು ಹೊಳೆಗೆ ಅಡ್ಡಲಾಗಿ ಓಡಿತು. ಬಸು ಕಯಾಕ್ ಹತ್ತಿ ಬೆನ್ನಟ್ಟಿದ. ಒಬ್ಬರೇ ಕೂರುವ ಆ ಪುಟ್ಟ ದೋಣಿಯ ಮೂತಿ ಚೀಲಕ್ಕೆ ತಿವಿಯಿತು, ಚೀಲ ಬಂಡೆಗೆ ಬಡಿದು ಒಡೆಯಿತು. ತುಂಗಭದ್ರೆ ಬೆಳ್ಳಗಾದಳು. ಕಣ್ಣು ಹಾಯುವವರೆಗೂ ಮಂಡಕ್ಕಿ ತೇಲಿತು. ಮೀನುಗಳು ನೆಂಟರಿಷ್ಟರನ್ನು ಕರೆದವು. ಇನ್ನೊಂದಿಷ್ಟು ಈರುಳ್ಳಿ, ಖಾರ ಇದ್ದಿದ್ದರೆ ಹೊಳೆಯನ್ನೇ ಪೊಟ್ಟಣ ಕಟ್ಟಿ ಮಾರಬಹುದಿತ್ತು.

"ಮುಳುಗೋರು ಹಿಂಗ ತೇಲಂಗಿಲ್ಲ ಸಹನಾ," ಎಂದರು ಮೇಡಂ. ಆವತ್ತಿನಿಂದ ಚೀಲದ ಕೆಲಸಕ್ಕೆ ಬಸುವನ್ನು ನೇಮಿಸಿದರು. ಜಾಕೆಟ್ ತೊಟ್ಟು, ಮೇಲಿಂದ ತೇಲಿ ಬರುವುದು ಅವನ ಪಾಲು, ಹಗ್ಗ ಎಸೆಯುವುದು ಉಳಿದವರ ಪಾಲು.

ಮನೆಯಲ್ಲಿ ದೊಡ್ಡಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಊಟದ ತಟ್ಟೆ ಮುಂದಿಟ್ಟುಕೊಂಡು ತಣ್ಣಗೆ ಹೇಳಿದರು. "ಒಂದು ಮಂಡಕ್ಕಿ ಚೀಲ ಉಳಿಸಾಕೆ ಆಗ್ಲಿಲ್ಲ ನಿನ್ನ ಕೈಲಿ. ಮನುಷ್ಯರನ್ನ ಉಳಿಸ್ತೀಯಾ?"

ಆ ಮಾತು ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಯಿತು.  ಅಷ್ಟರಲ್ಲಿ ಅಜ್ಜಿ ಅಂದಳು, "ಪರೀಕ್ಷೆ ದಿನ ನೀನೇ ಹೋಗಿ ನೋಡಲೇ. ಚೊಲೋ ಮಾಡಿದ್ರೆ ದಾಂಡೇಲಿಗೆ ಕಳ್ಸು, ಇಲ್ಲಾಂದ್ರೆ ಬ್ಯಾಡ. ದಿನಾ ದಿನಾ ಯಾಕ ಜಗಳ?" ದೊಡ್ಡಪ್ಪನಿಗೆ 'ಲೇ' ಅನ್ನುವ ಹಕ್ಕು ದಾವಣಗೆರೆಯಲ್ಲಿ ಅವಳೊಬ್ಬಳಿಗೇ ಇರುವುದು. ದೊಡ್ಡಪ್ಪ ಮಜ್ಜಿಗೆ ಕುಡಿದು, "ಆತು, ನೋಡೇ ಬಿಡಾಣ," ಎಂದರು.

ಆಮೇಲೆ ನಾನು ಹಗ್ಗ ಎಸೆದೆ ನೋಡಿ. ಕೈಗೆ ಸಿಗುವ ಒಂದು ಸಣ್ಣ ಚೀಲ, ಅದರೊಳಗೆ ಸುರುಳಿ ತುಂಬಿದ ಹಗ್ಗ. ಒಂದು ತುದಿ ಕೈಯಲ್ಲಿ ಹಿಡಿದು, 'ಹಗ್ಗ!' ಎಂದು ಕೂಗಿ, ಚೀಲವನ್ನು ಬೀಸಿ ಎಸೆದರೆ ಅದು ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಮಹಡಿಯ ಮೇಲೆ ದಿನವೂ ಎಸೆದೆ. ನೀರಿನ ಟ್ಯಾಂಕಿಗೆ, ಪಕ್ಕದ ಮನೆಯ ಟಿವಿ ಡಿಶ್ಶಿಗೆ, ಒಮ್ಮೆ ಹಾಲಿನವನ ಸ್ಕೂಟರಿಗೂ. ಕೊನೆಗೆ ಅಜ್ಜಿಯೇ ಕುರ್ಚಿ ಹಾಕಿಸಿಕೊಂಡು ಎದುರಿಗೆ ಕೂತಳು. ನಾನು 'ಹಗ್ಗ!' ಎಂದರೆ ಅವಳು ಎರಡೂ ಕೈ ಎತ್ತಿ "ಕಾಪಾಡವ್ವಾ ತಾಯೀ" ಎನ್ನುತ್ತಿದ್ದಳು. ಹಗ್ಗ ಅವಳ ಭುಜದ ಮೇಲೆ ಬಿದ್ದರೆ ಹಿಡಿದು ಎದೆಗವುಚಿಕೊಳ್ಳುತ್ತಿದ್ದಳು. ದಾವಣಗೆರೆಯಲ್ಲಿ ಅತಿ ಹೆಚ್ಚು ಸಲ ಪ್ರಾಣ ಉಳಿಸಿಕೊಂಡ ಹೆಂಗಸು ನಮ್ಮ ಅಜ್ಜಿ.

ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳುವ ಚಟ ನನಗೆ. ಬಳೆಯ ಹಾಗೆ ಚೆನ್ನಾಗಿ ಕಾಣುತ್ತಿತ್ತು. ಮೇಡಂ ಒಂದು ದಿನ ಆ ಸುತ್ತು ಬಿಚ್ಚಿ, "ಹೊಳಿ ನಿನ್ನ ಕೇಳಿ ಎಳೆಯಂಗಿಲ್ಲ," ಎಂದರು. ಇನ್ನೊಂದು ಮಾತನ್ನೂ ಹೇಳಿದರು. ಹಗ್ಗ ಹಿಡಿದವರನ್ನು ಬಾವಿಯ ಕೊಡದ ಹಾಗೆ ಎಳೆಯಬಾರದು. ಹರಿವಿಗೆ ಎದುರಾಗಿ ಎಳೆದರೆ ನೀರು ಅವರ ಮುಖದ ಮೇಲೇ ಏರುತ್ತದೆ. ಸುಮ್ಮನೆ ಬಿಗಿ ಹಿಡಿದು ಕೂತರೆ ಸಾಕು, ಹರಿವೇ ಅವರನ್ನು ಗಡಿಯಾರದ ಲೋಲಕದ ಹಾಗೆ ತೂಗಿಕೊಂಡು ದಂಡೆಗೆ ತಂದು ಬಿಡುತ್ತದೆ. ಸುಮ್ಮನೆ ಕೂರುವುದು ನನಗೆ ಹುಟ್ಟಿನಿಂದ ಬಾರದ ವಿದ್ಯೆ. ಅದನ್ನೇ ಎಲ್ಲಕ್ಕಿಂತ ಹೆಚ್ಚು ಅಭ್ಯಾಸ ಮಾಡಿದೆ.

ಪರೀಕ್ಷೆಯ ದಿನ ದೊಡ್ಡಪ್ಪ ಒಬ್ಬರೇ ಬರಲಿಲ್ಲ. ಅಂಗಡಿಯ ಟೆಂಪೋದಲ್ಲಿ ಅಜ್ಜಿ, ಅಪ್ಪ, ಅಮ್ಮ, ಹಿಂದೆ ಅಂಗಡಿಯ ಹಮಾಲರು, ಒಂದು ಬುಟ್ಟಿ ಖಾರ ಮಂಡಕ್ಕಿ. ಹಮಾಲರ ತೋಳು ಎಂದರೆ ಅಕ್ಕಿಮೂಟೆಯನ್ನು ದಿಂಬಿನ ಹಾಗೆ ಎಸೆಯುವ ತೋಳು. ದೊಡ್ಡಪ್ಪ ಬಂಡೆಯ ಮೇಲೆ ಟವೆಲ್ ಹಾಸಿ ಕೂತು, ಫೋನ್ ತೆಗೆದು, "ಹೂಂ, ಶುರು ಮಾಡ್ರಿ," ಎಂದರು, ಹೊಳೆ ಅವರ ಅಪ್ಪಣೆಗೇ ಕಾಯುತ್ತಿತ್ತು ಎನ್ನುವ ಹಾಗೆ.

ನೀರು ಹಿಂದಿನ ವಾರಕ್ಕಿಂತ ಏರಿತ್ತು. ಬಾಗಿನ ಕೆಳಗೆ, ನಮ್ಮ ದಂಡೆಯ ಮಗ್ಗುಲಿಗೆ ಒಂದು ಜಾಲಿ ಮರ ಎಲ್ಲಿಂದಲೋ ಕೊಚ್ಚಿ ಬಂದು ಸಿಕ್ಕಿಕೊಂಡಿತ್ತು. ಜರಡಿ. ಮೇಡಂ ಅದನ್ನು ಬಹಳ ಹೊತ್ತು ನೋಡಿ, ಬಸು ತೇಲಿ ಬರುವ ಜಾಗವನ್ನು ಮೇಲಕ್ಕೆ ಸರಿಸಿದರು. ತಾವು ಕಯಾಕ್ ಹತ್ತಿ ಆಚೆ ದಂಡೆಯ ಬಂಡೆಯ ಮರೆಯಲ್ಲಿ ಕಾದು ನಿಂತರು. ಹಗ್ಗ ತಪ್ಪಿದರೆ ಅವರೇ ಬಂದು ಬಸುವನ್ನು ಹಿಡಿಯುವುದೆಂದು ಮಾತಾಗಿತ್ತು.

ಬಸು ನೀರಿಗಿಳಿದ. ಅಂಗಾತ, ಕಾಲು ಮುಂದೆ, ಕಾಲ್ಬೆರಳು ಮೇಲೆ. ಹತ್ತಿರ ಬಂದ. "ಹಗ್ಗ!" ಎಂದು ಕೂಗಿ, ದೊಡ್ಡಪ್ಪನ ಫೋನಿನಲ್ಲಿ ಚೆನ್ನಾಗಿ ಬರಲಿ ಎಂದು ಸೊಂಟ ಒಂದಿಷ್ಟು ಹೆಚ್ಚೇ ತಿರುಗಿಸಿ ಎಸೆದೆ. ಅದು ಅವನ ಹಿಂದೆ ಬಿತ್ತು. ಗಾಳಿ ಇತ್ತು. ಇವತ್ತಿಗೂ ನಾನು ಗಾಳಿ ಎಂದೇ ಹೇಳುವುದು.

"ಅಯ್ಯೋ, ಹೋತು!" ಎಂದು ದೊಡ್ಡಪ್ಪ ಎದ್ದು ನಿಂತರು. "ಹಾರಲೇ, ಯಾರರ ಹಾರ್ರಲೇ!" ಎಂದು ಹಮಾಲರಲ್ಲೊಬ್ಬರು ಕೂಗಿದರು. ಬಸುವಿನ ಹಿಂದೆ ಜಾಲಿ ಮರ ಕಾಣುತ್ತಿತ್ತು. ನನ್ನ ಕಾಲಿಗೂ ಹಾರುವ ಆಸೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಕೈ ತನ್ನಷ್ಟಕ್ಕೆ ಒದ್ದೆ ಹಗ್ಗವನ್ನು ಸರಸರನೆ ಸುರುಳಿ ಮಾಡಿತು. ಎರಡನೆಯ ಸಲ ಯಾವ ಸ್ಟೈಲೂ ಇಲ್ಲ. ಅಜ್ಜಿಯ ಭುಜ ನೆನೆಸಿಕೊಂಡು ಎಸೆದೆ. ಹಗ್ಗ ಬಸುವಿನ ಎದೆಯ ಮೇಲೆ ಹೋಗಿ ಮಲಗಿತು. ಅವನು ಹಿಡಿದ. ನಾನು ಧೊಪ್ಪನೆ ಕೂತು ಹಿಮ್ಮಡಿ ಊರಿದೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಜನ ಯಾರಾದರೂ ಹಗ್ಗ ಹಿಡಿದದ್ದು ಕಂಡರೆ ಸುಮ್ಮನೆ ನೋಡುವವರಲ್ಲ. ಸೈಕಲ್ ಪಂಚರ್ ಆದರೂ ಸುತ್ತ ನಿಂತು ಕೈ ಹಾಕುವವರು. ಹಮಾಲರು ಓಡಿ ಬಂದು ನನ್ನ ಮುಂದೆ ಹಗ್ಗಕ್ಕೆ ಕೈ ಹಾಕಿದರು, ಹಿಂದೆ ದೊಡ್ಡಪ್ಪ. "ಎಳೀರಲೇ! ಐಸಾ! ಹೈಸಾ!" ಎಷ್ಟು ಪ್ರೀತಿಯಿಂದ ಎಳೆದರೆಂದರೆ ಬಸು ನೇಗಿಲಿನ ಹಾಗೆ ಹೊಳೆಯನ್ನು ಉಳುತ್ತ ಎದುರು ನೀರಿಗೆ ಬಂದ. ಅವನ ತಲೆ ಕಾಣಲಿಲ್ಲ. ನೀರು ಅವನ ಮುಖದ ಮೇಲೆ ಹಾದು ಹೋಗುತ್ತಿತ್ತು, ಹಗ್ಗ ಹಿಡಿದ ಬೆರಳಷ್ಟೇ ಮೇಲೆ. ಮೇಡಂ ಆಚೆಯಿಂದ ಹುಟ್ಟು ಹಾಕುತ್ತಿದ್ದರು, ಆದರೆ ನಡುವೆ ಇಡೀ ಹೊಳೆ.

"ಬಿಡ್ರಿ! ಬಿಡ್ರಿ!" ಎಂದು ಕಿರುಚಿದೆ. ಐಸಾ ಹೈಸಾದಲ್ಲಿ ಯಾರಿಗೂ ಕೇಳಲಿಲ್ಲ. ಹುಟ್ಟಿದಾಗಿನಿಂದ ಆಡಿದ ಅಷ್ಟೂ ಮಾತು ಆ ಗಳಿಗೆಯಲ್ಲಿ ಕೆಲಸಕ್ಕೆ ಬಾರದೆ ಹೋಯಿತು. ಆಗ ಜಾಕೆಟ್ಟಿಗೆ ಕಟ್ಟಿದ್ದ ಸೀಟಿ ಬಾಯಿಗೆ ಕಚ್ಚಿ ಇದ್ದ ಉಸಿರನ್ನೆಲ್ಲ ಊದಿ, ನಮ್ಮ ಗೋದಾಮಿನ ಮುಂದೆ ಲಾರಿ ಹಿಂದಕ್ಕೆ ಬರುವಾಗ ಕ್ಲೀನರ್ ಕೂಗುವ ಹಾಗೆ ಕೂಗಿದೆ.

"ಹೋಲ್ಡಾನ್!"

ಹಮಾಲರು ಗೊಂಬೆಗಳ ಹಾಗೆ ನಿಂತುಬಿಟ್ಟರು. ದಿನವೂ ಆ ಒಂದು ಮಾತಿಗೆ ಕಾಲು ಉಳಿಸಿಕೊಂಡವರು ಅವರು. ಅದನ್ನು ಕೇಳಿದ ಮೇಲೆ ಅವರ ಕೈ ಆಡುವುದಿಲ್ಲ.

"ಹಗ್ಗ ಬಿಡ್ರಿ! ಎಳೀಬ್ಯಾಡ್ರಿ! ದೊಡ್ಡಪ್ಪ, ನನ್ನ ಹಿಡ್ಕೊಂಡು ಕೂಡ್ರಿ!"

ಹಮಾಲರು ಬಿಟ್ಟರು. ಹಗ್ಗದ ಭಾರವೆಲ್ಲ ನನ್ನ ಮೇಲೆ ಬಂತು. ಕೂತಲ್ಲೇ ಕೆಸರಿನಲ್ಲಿ ಹೊಳೆಯ ಕಡೆಗೆ ಜಾರತೊಡಗಿದೆ. ಆಗ ಹಿಂದಿನಿಂದ ಎರಡು ಕೈ ಜಾಕೆಟ್ಟಿನ ಭುಜದ ಪಟ್ಟಿ ಹಿಡಿದವು, ದೊಡ್ಡಪ್ಪ ನೆಲಕ್ಕೆ ಕೂತರು. ಭೂಮಿ ಸಣ್ಣಗೆ ನಡುಗಿತು. ಜಾರುವುದು ನಿಂತಿತು. ತುಂಗಭದ್ರೆಯೇನು, ಅರಬ್ಬೀ ಸಮುದ್ರ ಬಂದಿದ್ದರೂ ಅವತ್ತು ನನ್ನನ್ನು ಅಲ್ಲಾಡಿಸಲು ಆಗುತ್ತಿರಲಿಲ್ಲ.

ಬಸುವಿನ ತಲೆ ಮೇಲೆ ಬಂತು. ಅವನು ಮಗ್ಗುಲಾಗಿ ತೂಗುತ್ತ, ಜಾಲಿ ಮರ ಇನ್ನೂ ದೂರವಿರುವಾಗಲೇ ಬಂಡೆಯ ಮರೆಯ ಶಾಂತ ನೀರಿಗೆ ಬಂದು, ಮರಳಿಗೆ ತಾಗಿ ನಿಂತ. ಅಪ್ಪ ಅವನ ತೋಳು ಹಿಡಿದು ಮೇಲೆ ಕರೆತಂದರು. ಕೆಮ್ಮಿದ, ಉಗಿದ, ಕೂತ, ಮತ್ತೆ ಕೆಮ್ಮಿದ. 

"ಸಹನಾ," ಎಂದ ಕೊನೆಗೆ, "ನಿಮ್ಮ ಮನೆಯೋರು ಉಳಿಸಾಕೆ ಬಂದಿದ್ರೋ, ಸಾಯಿಸಾಕೋ?"

ಅಜ್ಜಿ ಅವನ ತಲೆ ಒರೆಸಿ, ಬಾಯಿಗೆ ಖಾರ ಮಂಡಕ್ಕಿ ತುರುಕಲು ಹೋದಳು. ಮೇಡಂ ದೋಣಿ ಎಳೆದುಕೊಂಡು ಬಂದರು. ಮೊದಲು ಬಸುವನ್ನು ಪಕ್ಕಕ್ಕೆ ಕೂರಿಸಿ ಉಸಿರು ನೋಡಿದರು. ಆಮೇಲೆ ಹಮಾಲರಿಗೂ ದೊಡ್ಡಪ್ಪನಿಗೂ ಸೇರಿಸಿ ನಾಕೇ ಮಾತಲ್ಲಿ ಬುದ್ಧಿ ಹೇಳಿದರು. ದೊಡ್ಡಪ್ಪ ಒಬ್ಬರ ಬೈಗುಳ ತಲೆ ತಗ್ಗಿಸಿ ಕೇಳಿದ್ದನ್ನು ನಾನು ಅವತ್ತೇ ನೋಡಿದ್ದು. ಕೊನೆಗೆ ಮೇಡಂ ನನ್ನ ಕಡೆ ತಿರುಗಿ, "ಪಾಸ್," ಎಂದರು. ಒಂದೇ ಮಾತು. ಅವರ ಲೆಕ್ಕದಲ್ಲಿ ಅದು ಭಾಷಣ.

ಆದರೆ ಮೇಡಂ ಪಾಸು ಮಾಡಿದರೆ ಸಾಕೇ? ಟೆಂಪೋದಲ್ಲಿ ವಾಪಸ್ ಬರುವಾಗ ದೊಡ್ಡಪ್ಪ ರಸ್ತೆಯನ್ನೇ ನೋಡುತ್ತ ಕೂತಿದ್ದರು. ಪಂಚೆಯ ಹಿಂಭಾಗವೆಲ್ಲ ಕೆಸರು. ಫೋನು ಬಂಡೆಯ ಸಂದಿಯಲ್ಲಿ ಬಿದ್ದು ಬರೀ ಆಕಾಶವನ್ನು ವಿಡಿಯೋ ಮಾಡಿಕೊಂಡಿತ್ತು. ರಾತ್ರಿ ಊಟಕ್ಕೂ ದಾಂಡೇಲಿಯ ಸುದ್ದಿ ಬರಲಿಲ್ಲ. ಅಜ್ಜಿ ಕೆಮ್ಮಿ ಜ್ಞಾಪಿಸಿದಳು. ಅವರು ಮಜ್ಜಿಗೆ ಕುಡಿದು ಎದ್ದುಹೋದರು.

ಮರುದಿನ ಕಾಲೇಜು ಮುಗಿಸಿ ಅವರ ಊಟದ ಡಬ್ಬಿ ಕೊಡಲು ಮಂಡಿಪೇಟೆಗೆ ಹೋದೆ. ಅಂಗಡಿಯ ಹೊರಗೇ ದನಿ ಕೇಳಿಸಿತು. ಒಳಗೆ ನಂದಿಗುಡಿ ಕಡೆಯ ಒಬ್ಬ ಗಿರಾಕಿಯನ್ನು ಕೂರಿಸಿಕೊಂಡು ದೊಡ್ಡಪ್ಪ ಕಥೆ ಹೇಳುತ್ತಿದ್ದರು. ಅವರ ಬಾಯಲ್ಲಿ ಹೊಳೆ ಹರಿಹರದ ಸೇತುವೆಯ ಮೇಲೆ ಹರಿಯುತ್ತಿತ್ತು. ಜಾಲಿ ಮರ ಕಾಡಾಗಿತ್ತು. ಬಸು ಇಬ್ಬರಾಗಿದ್ದ.

"ನಾವೆಲ್ಲ ಹುಚ್ಚರಂಗೆ ಎಳೀತಿದ್ವಿ ನೋಡ್ರಿ, ಹುಡುಗರ ಜೀವ ಹೋಗೋದ್ರಾಗಿತ್ತು. ನಮ್ಮ ಹುಡುಗಿ ಕೂತಲ್ಲಿಂದ ಕದಲಲಿಲ್ಲ. ಒಂದೇ ಕೂಗು, ಹೋಲ್ಡಾನ್! ನನಗೇ ಹುಕುಂ ಮಾಡಿದ್ಲು ಅಂತೀನಿ, ಕೂಡ್ರಿ ಅಂತ. ನಾ ಕೂತೆ. ಈ ಊರಾಗೆ ನನ್ನ ಕೂಡಿಸಿದೋರು ಯಾರದಾರೆ ಹೇಳ್ರಿ?"

"ಅದೆಲ್ಲ ಖರೇರಿ ಸಾಹುಕಾರ್ರೆ," ಎಂದರು ಗಿರಾಕಿ, "ಆದ್ರೂ ಹೆಣ್ಣುಡುಗಿ. ಇನ್ನ ಮ್ಯಾಲೆ ಹೊಳೆ ಗಿಳೆ ಯಾಕ? ಬಿಡಿಸಿಬಿಡ್ರಿ."

"ಬಿಡಿಸೋದಾ?" ದೊಡ್ಡಪ್ಪನ ಕುರ್ಚಿ ಕಿರ್ರೆಂದಿತು. "ದಸರಾ ರಜಾಕ್ಕೆ ದಾಂಡೇಲಿಗೆ ಹೊಂಟಾಳ್ರಿ ಅಕಿ. ಅಲ್ಲಿ ನೀರು ಇದಕ್ಕಿಂತ ಜೋರೈತಂತೆ. ಜನ ಬೀಳ್ತಾರೆ. ಎತ್ತಾಕೆ ಒಬ್ರು ಬೇಕೋ ಬ್ಯಾಡೋ?"

ನಾನು ಬಾಗಿಲ ಮರೆಯಲ್ಲೇ ಡಬ್ಬಿ ಎದೆಗವುಚಿಕೊಂಡು ನಿಂತೆ. ಒಳಗೆ ಇನ್ನೊಬ್ಬ ಗಿರಾಕಿ ಬಂದ. ದೊಡ್ಡಪ್ಪ ಅವನಿಗೆ ಮೊದಲಿನಿಂದ ಶುರು ಮಾಡಿದರು. ಈ ಸಲ ಬಸು ಮೂವರಾದ. ನಾನು ಅದನ್ನೂ ಪೂರ್ತಿ ಕೇಳಿಸಿಕೊಂಡೇ ಒಳಗೆ ಹೋದೆ.